ಅಟ್ಟದ ಕಂಬಕ್ಕೆ ಬೌಲಿಂಗ್

ನಮ್ಮ ಊರಿನ ಕ್ರಿಕೆಟ್ ತಂಡದಲ್ಲಿ ಮೊದಲ ಓವರ್ ಯಾರು ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ನಾನು ಸಾಯುವುದರಲ್ಲಿದ್ದೆ. ಇದನ್ನು ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಚೆಂಡು ತಲೆಗೆ ಬಡಿಯಿತೇ ಎಂದು ಕೇಳುತ್ತಾರೆ. ಚೆಂಡಿನಿಂದ ನನಗೆ ಏನೂ ಆಗಲಿಲ್ಲ. ಬಿದ್ದದ್ದು ಒಂದು ಅಟ್ಟ, ಅದರ ತುಂಬ ತೆಂಗಿನಕಾಯಿ.

ಎಂಬತ್ತರ ದಶಕದ ಮೊದಲ ವರ್ಷಗಳು. ತಿಪಟೂರಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ನನಗೆ ಬ್ಯಾಟಿಂಗ್ ಬರುತ್ತಿರಲಿಲ್ಲ, ಬೌಲಿಂಗ್ ಬರುತ್ತಿರಲಿಲ್ಲ, ಆದರೆ ಬಿ.ಎಸ್ಸಿ. ಆಗಿತ್ತು. ಹಾಗಾಗಿ ತಂಡದವರು ನನ್ನನ್ನು ಅಂಪೈರ್ ಮಾಡಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಮನೆಗೆ ಹೋಗುವ ಬದಲು ತುರುವೇಕೆರೆ ರಸ್ತೆಯ ಒಂದು ತೋಟಕ್ಕೆ ಹೋಗುತ್ತಿದ್ದೆ. ಅದು ಕೊಬ್ಬರಿ ಮಂಡಿಯ ಯಜಮಾನರ ತೋಟ. ಯಜಮಾನರು ತಂಡಕ್ಕೆ ಚೆಂಡು, ಬ್ಯಾಟು, ಪಂದ್ಯದ ದಿನ ಉಪ್ಪಿಟ್ಟು ಕೊಡಿಸುತ್ತಿದ್ದವರು. ಅದಕ್ಕೆ ಪ್ರತಿಯಾಗಿ ಅವರು ಕೇಳಿದ್ದು ಒಂದೇ: ಯಾರು ಬೌಲ್ ಮಾಡಬೇಕು ಎಂಬ ಚರ್ಚೆ ಅವರ ಎದುರಿಗೇ ನಡೆಯಬೇಕು.

ಚರ್ಚೆ ನಡೆಯುತ್ತಿದ್ದುದು ತೋಟದ ಕಾಯಿ ಮನೆಯಲ್ಲಿ. ಉದ್ದನೆಯ ಹೆಂಚಿನ ಕಟ್ಟಡ. ಬಾಗಿಲ ಕಡೆಯ ಅರ್ಧ ಹೆಂಚಿನವರೆಗೂ ಬಯಲು. ಒಳಗಿನ ಅರ್ಧಕ್ಕೆ ತಲೆಯ ಮೇಲೆ ಅಟ್ಟ, ಅದನ್ನು ಹೊರಲು ಕಂಬಗಳು. ನಮ್ಮ ಕಡೆ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎನ್ನುತ್ತದೆ. ಆ ಸದ್ದು ಬಂದರೆ ಸುಲಿಯಬಹುದು, ಬರದಿದ್ದರೆ ಕಾಯಬೇಕು. ನಮ್ಮ ಊರಿನಲ್ಲಿ ಒಬ್ಬ ಮನುಷ್ಯ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡು ನಿಂತಿದ್ದರೆ ಯಾರೂ ಅವನನ್ನು ಮಾತಾಡಿಸುವುದಿಲ್ಲ.

ಆ ವರ್ಷ ಚರ್ಚೆಯಲ್ಲಿದ್ದ ಬೌಲರ್‌ಗಳು ಇಬ್ಬರು. ಒಬ್ಬರು ಸೈಕಲ್ ಶಾಪಿನವರು. ತಂಡ ಕಟ್ಟಿದ ದಿನದಿಂದ ಹೊಸ ಚೆಂಡು ಅವರದೇ. ಈಗ ನಲವತ್ತರ ಹತ್ತಿರ, ಬಲ ಮಂಡಿ ಹಿಡಿದುಕೊಳ್ಳುತ್ತಿತ್ತು. ವೇಗ ಹೋಗಿತ್ತು, ಗುರಿ ಉಳಿದಿತ್ತು. ಬ್ಯಾಟ್ಸ್‌ಮನ್ನನ ಕಾಲ ಬುಡಕ್ಕೆ ನೇರವಾಗಿ ಬೀಳುವ ಯಾರ್ಕರ್ ಅವರ ಚೆಂಡು. ಇನ್ನೊಬ್ಬ ಬಿಳಿಗೆರೆಯವನು, ಇಪ್ಪತ್ತೆರಡರ ಪ್ರಾಯ, ಸ್ವಂತ ತೋಟದಲ್ಲಿ ಕಾಯಿ ಸುಲಿದು ಸುಲಿದು ಭುಜ ಕಟ್ಟಿದವನು. ಅವನಿಗೆ ಗುರಿ ಇರಲಿಲ್ಲ. ವೇಗ ಎಷ್ಟಿತ್ತೆಂದರೆ ಗುರಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಮುಂದಿನ ಭಾನುವಾರ ತುರುವೇಕೆರೆಯವರ ಜೊತೆ ಪಂದ್ಯ. ಆ ವಾರದ ಮೊದಲಲ್ಲಿ ನಾನು ಪಂಕ್ಚರ್ ಹಾಕಿಸಲು ಸೈಕಲ್ ಶಾಪಿಗೆ ಹೋಗಿದ್ದೆ. ಅವರು ಟ್ಯೂಬನ್ನು ನೀರಿನ ಬಾಂಡ್ಲಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಾ, ನನ್ನ ಮುಖ ನೋಡದೆ ಹೇಳಿದರು:

"ಮೇಷ್ಟ್ರೇ, ಈ ಭಾನ್ವಾರ ಒಂದ್ಸಲ ಹೊಸ ಬಾಲು ನನ್ ಕೈಗೆ ಬರೋ ಹಂಗೆ ಮಾಡಿ. ಆಮೇಲೆ ನಾನೇ ಬುಡ್ತೀನಿ."

"ಬಿಡೋದು ಅಂದ್ರೆ?"

"ಮೊದಲ್ನೇ ಓವರ್ ಹಾಕೋದು. ಅವ್ರು ಬುಡ್ಸೋದ್ ಬ್ಯಾಡ. ನಾನೇ ಬುಡ್ಬೇಕು. ಅಷ್ಟೇಯ."

ನಾನು ಆಗಲಿ ಎಂದೆ. ಅದು ನನ್ನ ಕೈಯಲ್ಲಿ ಇರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಕಾಯಿ ಮನೆಯಲ್ಲಿ ಅಭಿಮಾನಿಗಳು ಅನೇಕರು ಸೇರುತ್ತಿದ್ದರು, ಆದರೆ ಬಾಯಿ ಎರಡೇ. ಹೋಟೆಲಿನವನು ಬಿಳಿಗೆರೆಯವನ ಪಕ್ಷ. ಟೈಲರ್ ಸೈಕಲ್ ಶಾಪಿನವರ ಪಕ್ಷ. ಇಬ್ಬರದೂ ಎದುರುಬದುರು ಅಂಗಡಿ, ಒಂದೇ ವಯಸ್ಸು, ಬೆಳಗ್ಗೆ ಶುರುವಾದ ಜಗಳವನ್ನು ಸಂಜೆ ಅಲ್ಲಿಗೆ ಹೊತ್ತು ತರುತ್ತಿದ್ದರು.

"ಅವನು ಹಾಕಿದ್ ಬಾಲು ಬರೋಷ್ಟರಲ್ಲಿ ಬ್ಯಾಟ್ಸ್‌ಮನ್ನು ಒಂದ್ ಬೀಡಿ ಸೇದ್ಬೋದು ಕಣ್ಲಾ," ಎಂದ ಹೋಟೆಲಿನವನು.

"ಸೇದ್ಲಿ ಬುಡು. ಸೇದಿ ಔಟಾಯ್ತಾನಲ್ಲ."

"ಯಾವಾಗ್ಲಾ ಔಟಾಗಿದ್ದು? ಹೋದ್ ವರ್ಸ ಚಿಕ್ಕನಾಯಕನಹಳ್ಳಿಯೋರ್ ಮೇಲೆ? ಅವತ್ತು ಆವಯ್ಯ ನಿದ್ದೆಗಣ್ಣಲ್ಲಿ ಬಂದಿದ್ದ."

"ನಿನ್ ಬಿಳಿಗೆರೆಯೋನು ಅವತ್ತು ಏನ್ ಮಾಡ್ದ? ಬಾಲು ಕೀಪರ್ ದಾಟ್ತು, ಬೇಲಿ ದಾಟ್ತು, ಪಕ್ಕದ್ ತೋಟದಲ್ಲಿ ಮೇಯ್ತಿದ್ದ ಎಮ್ಮೆಗ್ ತಾಕ್ತು. ಅದನ್ನ ಬೌಲಿಂಗ್ ಅಂತೀಯಾ, ಬೇಟೆ ಅಂತೀಯಾ?"

ಬೌಲರ್‌ಗಳಿಬ್ಬರೂ ಅಲ್ಲೇ ಕೂತಿರುತ್ತಿದ್ದರು. ತಮ್ಮ ಬಗ್ಗೆ ಆಡುವ ಮಾತನ್ನು ಬೇರೆ ಊರಿನ ಸುದ್ದಿಯಂತೆ ಕೇಳುತ್ತಿದ್ದರು.

ಆ ವಾರ ಮಳೆ ಹಿಡಿಯಿತು. ಮೈದಾನದಲ್ಲಿ ನಾರಿನ ಮ್ಯಾಟ್ ಹಾಸುವಂತಿರಲಿಲ್ಲ. ಪ್ರಾಕ್ಟೀಸ್ ತಪ್ಪಬಾರದೆಂದು ಯಜಮಾನರೇ ಕಾಯಿ ಮನೆಯೊಳಗೆ ಬೌಲಿಂಗ್ ಮಾಡಿ ಎಂದರು. ಬಾಗಿಲ ಹತ್ತಿರ ಬೂದಿಯಲ್ಲಿ ಗೆರೆ ಎಳೆದೆವು. ಆ ತುದಿಯಲ್ಲಿ ಸ್ಟಂಪ್ ನೆಡಲು ನೆಲ ಗಟ್ಟಿ. ಅಟ್ಟದ ನಡುವಿನ ಕಂಬವೇ ಸ್ಟಂಪ್ ಆಗಲಿ ಎಂದು ಎಲ್ಲರೂ ಒಪ್ಪಿದರು.

ಆ ಕಂಬದ ವಿಷಯ ಹೇಳಬೇಕು. ಅದು ಹಳೆಯ ತೆಂಗಿನ ಮರದ್ದು, ಚಪ್ಪಟೆ ಕಲ್ಲೊಂದರ ಮೇಲೆ ನಿಂತಿತ್ತು. ಬುಡವನ್ನು ಗೆದ್ದಲು ತಿಂದಿತ್ತೆಂದು ತಿಂದಷ್ಟನ್ನು ಕೊಯ್ದು, ಕಲ್ಲಿಗೂ ಕಂಬಕ್ಕೂ ನಡುವೆ ಒಂದು ಮರದ ಬೆಣೆ ಹೊಡೆದಿದ್ದರು. ಯಜಮಾನರು ಅದನ್ನು ನನಗೆ ತೋರಿಸಿ, "ಮರಕ್ಕಿಂತ ಬೆಣೆ ಗಟ್ಟಿ ಐತೆ ನೋಡಿ ಮೇಷ್ಟ್ರೇ," ಎಂದಿದ್ದರು. ನಾನು ಬಗ್ಗಿ ನೋಡಿದ್ದೆ. ಗಟ್ಟಿಯಾಗಿಯೇ ಇತ್ತು.

ಮೊದಲ ದಿನ ಬಿಳಿಗೆರೆಯವನು ಓಡಿ ಬಂದು ಎಸೆದ ಚೆಂಡು ನೆಲಕ್ಕೆ ಪುಟಿದು ಕಂಬದ ಎದೆಮಟ್ಟಕ್ಕೆ ಬಡಿಯಿತು. ತಲೆಯ ಮೇಲೆ ಅಟ್ಟದ ಉದ್ದಕ್ಕೂ ಲೊಟಲೊಟ ಎಂದಿತು. ಯಜಮಾನರು ಮೇಲೆ ನೋಡಿದರು. ಅವರ ಮುಖ ಅರಳಿತು.

"ಕೊಬ್ಬರಿ ಬಿಟ್ಟೈತೆ ಕಣ್ರಪ್ಪಾ," ಎಂದರು. "ಇನ್ನೊಂದ್ ಹಾಕ್ಲಾ."

ಅಂದಿನಿಂದ ಚರ್ಚೆಗೆ ಒಂದು ಅಳತೆ ಸಿಕ್ಕಿತು. ಯಾರ ಚೆಂಡಿಗೆ ಅಟ್ಟದ ಕಾಯಿ ಹೆಚ್ಚು ಸದ್ದು ಮಾಡುತ್ತದೋ ಅವನಿಗೆ ಹೆಚ್ಚು ವೇಗ. ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ಚೆಂಡಿನಿಂದ ಬೌಲರನ್ನೂ, ಅದೇ ಏಟಿಗೆ ಕೊಬ್ಬರಿಯನ್ನೂ ಪರೀಕ್ಷೆ ಮಾಡಬಹುದಾದರೆ ಬೇಡವೆನ್ನುವವರು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ನನಗೂ ವಿಚಿತ್ರವೆನಿಸಲಿಲ್ಲ. ಕಂಪನ, ಶಕ್ತಿಯ ವರ್ಗಾವಣೆ ಎಂದು ಏನೋ ವಿವರಣೆ ಕೊಟ್ಟೆ. ಅದನ್ನು ಕೇಳಿ ಯಜಮಾನರು, ಕಿವಿಗೆ ಕೇಳದ ಸಣ್ಣ ಅಲುಗಾಟ ಕೈಗೆ ತಿಳಿಯುತ್ತದೆ, ಮೇಷ್ಟ್ರು ಕಂಬದ ಮೇಲೆ ಅಂಗೈ ಇಟ್ಟು ನಿಲ್ಲಲಿ ಎಂದರು. ಹೀಗೆ ನಾನು ಅಟ್ಟದ ಕೆಳಗೆ ನಿಂತೆ. ಚೆಂಡು ಮುಂದಿನಿಂದ ಬರುತ್ತಿತ್ತು, ನಾನು ಹಿಂದೆ, ಪಕ್ಕಕ್ಕೆ ಸರಿದು, ಎತ್ತರದಲ್ಲಿ ಅಂಗೈ ಇಟ್ಟಿರುತ್ತಿದ್ದೆ. ವಾರವೆಲ್ಲ ಹಾಗೆಯೇ ನಿಂತೆ.

ಸೈಕಲ್ ಶಾಪಿನವರ ಚೆಂಡಿಗೆ ಕಾಯಿ ಸದ್ದು ಮಾಡಲಿಲ್ಲ. ಒಂದು ದಿನವೂ ಮಾಡಲಿಲ್ಲ. ನನ್ನ ಅಂಗೈಗೆ ಒಂದು ಮಂಕು ಪೆಟ್ಟು ತಿಳಿಯುತ್ತಿತ್ತು, ಅಷ್ಟೆ. ಅವರದು ಯಾರ್ಕರ್. ಬಿದ್ದರೆ ಕಂಬದ ಬುಡಕ್ಕೇ ಬೀಳುತ್ತಿತ್ತು. ಆ ಪೆಟ್ಟೆಲ್ಲ ಎಲ್ಲಿಗೆ ಹೋಗುತ್ತಿದೆ ಎಂದು ನಾನು ಯೋಚಿಸಲಿಲ್ಲ.

ಶುಕ್ರವಾರ ಸಂಜೆ ತೀರ್ಮಾನವಾಗಬೇಕಿತ್ತು. ಹೊರಗೆ ಮಳೆ. ಇಬ್ಬರೂ ಒಂದೊಂದು ಓವರ್ ಹಾಕಬೇಕು, ನಾನು ಕಂಬ ಹಿಡಿದು ಹೇಳಬೇಕು, ಯಜಮಾನರು ತೀರ್ಪು ಕೊಡಬೇಕು. ಬಿಳಿಗೆರೆಯವನು ಮೊದಲು ಹಾಕಿದ. ಎರಡು ಚೆಂಡು ಗೋಡೆಗೆ ಹೋದವು. ಉಳಿದವು ಕಂಬಕ್ಕೆ ಬಡಿದಾಗ ಅಟ್ಟವೆಲ್ಲ ಸದ್ದು ಮಾಡಿತು, ಹಲಗೆಯ ಸಂದಿನಿಂದ ಧೂಳು ಉದುರಿ ನನ್ನ ಕನ್ನಡಕದ ಮೇಲೆ ಕೂತಿತು. ಹೋಟೆಲಿನವನು ಎದ್ದು ನಿಂತು ಚಪ್ಪಾಳೆ ತಟ್ಟಿದ.

ಸೈಕಲ್ ಶಾಪಿನವರು ಶುರು ಮಾಡಿದರು. ಮೊದಲನೆಯದು ಬುಡಕ್ಕೆ. ಎರಡನೆಯದೂ ಅಲ್ಲಿಗೇ.

"ಮೇಷ್ಟ್ರೇ, ಅಲ್ಲಾಡ್ತಾ?" ಎಂದು ಯಜಮಾನರು ಕೇಳಿದರು.

"ಇಲ್ಲ," ಎಂದೆ.

"ಕಾಯಿ ನಿದ್ದೆ ಮಾಡ್ತಾವೆ ಕಣಪ್ಪ, ಎಬ್ಬಿಸ್ಬ್ಯಾಡ," ಎಂದ ಹೋಟೆಲಿನವನು.

"ಬಾಯ್ ಮುಚ್ಚಲಾ," ಎಂದ ಟೈಲರ್. ಅವನ ದನಿಯಲ್ಲೂ ಜೋರಿರಲಿಲ್ಲ.

ಸೈಕಲ್ ಶಾಪಿನವರು ಪ್ರತಿ ಚೆಂಡಾದ ಮೇಲೂ ನನ್ನ ಕಡೆ ನೋಡುತ್ತಿದ್ದರು. ನಾನು ಪ್ರತಿ ಸಲವೂ ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಒಂದೇ ಚೆಂಡು ಉಳಿದಾಗ ಅವರು ಬಾಗಿಲು ದಾಟಿ ಹೊರಗೆ, ಮಳೆಗೆ ಹೋದರು. ಓಟ ಉದ್ದ ಮಾಡಿಕೊಳ್ಳಲು ಹೋಗಿದ್ದಾರೆಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ಮಂಡಿಯ ನೋವನ್ನು ಹೊರಗೇ ಬಿಟ್ಟವರಂತೆ ಓಡಿ ಬಂದರು. ಒದ್ದೆ ಕಾಲು ಬೂದಿಯ ಗೆರೆಯ ಹತ್ತಿರ ಜೋರಾಗಿ ಬಿತ್ತು. ಚೆಂಡು ಬಂದದ್ದು ನನಗೆ ಕಾಣಲಿಲ್ಲ. ಬುಡದಲ್ಲಿ ಟಕ್ ಎಂದಿತು. ಅದು ಮರಕ್ಕೆ ಮರ ತಾಗಿದ ಸದ್ದು, ಅದುವರೆಗೆ ಕೇಳಿರದ ಸದ್ದು. ನನ್ನ ಅಂಗೈ ಕೆಳಗೆ ಕಂಬ ಸ್ವಲ್ಪ ಜರುಗಿತು, ಬಹಳ ಹೊತ್ತು ನಿಂತ ಮನುಷ್ಯ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕುವಂತೆ.

"ಅಲ್ಲಾಡ್ತು," ಎಂದೆ. ನನಗೆ ಸಂತೋಷವೇ ಆಗಿತ್ತು.

ಅದು ಯಾರಿಗೂ ಕೇಳಲಿಲ್ಲ. ಅದೇ ಕ್ಷಣಕ್ಕೆ ಹೋಟೆಲಿನವನು, "ನೋ ಬಾಲ್! ನೋ ಬಾಲ್ ಕಣ್ರೀ ಮೇಷ್ಟ್ರೇ! ಕಾಲು ಗೆರೆ ದಾಟ್ತು! ಗುರ್ತು ಇಲ್ಲೇ ಐತೆ, ಬಂದ್ ನೋಡಿ!" ಎಂದು ಕಿರುಚಿದ.

"ಎಲ್ಲ್ ದಾಟ್ತುಲಾ? ನಿನ್ ಕಣ್ಣಿಗೇನ್ ಹೊಗೆ ಹೊಡ್ದೈತಾ?" ಎಂದು ಟೈಲರ್ ಎದ್ದ.

ನಾನು ಅಂಪೈರ್. ಕಂಬದಿಂದ ಕೈ ತೆಗೆದು, ಕನ್ನಡಕ ಒರೆಸಿಕೊಳ್ಳುತ್ತಾ ಬಾಗಿಲ ಕಡೆ ನಡೆದೆ. ಅವಸರ ಮಾಡಲಿಲ್ಲ. ಅಂಪೈರ್ ಅವಸರ ಮಾಡಬಾರದು ಎಂಬ ಅಭಿಪ್ರಾಯ ನನಗಿತ್ತು. ನಡುವೆ ಒಂದು ಕಡೆ ನಿಂತು ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದೆ ಕೂಡ. ನಿಂತ ಜಾಗ ಅಟ್ಟದ ಕೆಳಗೋ ಆಚೆಗೋ ಎಂದು ನನಗೆ ಈಗಲೂ ಖಚಿತವಿಲ್ಲ.

ಗೆರೆಯ ಸುತ್ತ ಎಲ್ಲರೂ ಬಗ್ಗಿ ನಿಂತಿದ್ದರು. ಒದ್ದೆ ಪಾದದ ಗುರುತು ಬೂದಿಯ ಮೇಲೆಯೇ ಇತ್ತು. ಹಿಮ್ಮಡಿ ಒಳಗೆ, ಬೆರಳು ಹೊರಗೆ, ನಡುವಿನದು ನೀರು.

ಹಿಂದೆ ಒಂದು ಕಾಯಿ ಬಿದ್ದ ಸದ್ದಾಯಿತು.

"ಇಲಿ," ಎಂದರು ಯಜಮಾನರು, ಗುರುತಿನಿಂದ ಕಣ್ಣೆತ್ತದೆ.

ಇನ್ನೊಂದು ಬಿತ್ತು.

"ಇಲಿ ಅಲ್ಲ, ಬೆಕ್ಕು," ಎಂದ ಟೈಲರ್. "ಹಿಮ್ಮಡಿ ಒಳಗೈತೆ ನೋಡಿ ಮೇಷ್ಟ್ರೇ. ಹಿಮ್ಮಡಿ ಒಳಗಿದ್ರೆ ಸಾಕಲ್ವಾ?"

ನಾನು ಬಾಯಿ ತೆರೆದೆ. ಆಗ ತೊಲೆ ಮುರಿಯಿತು. ತಿರುಗಿ ನೋಡಿದಾಗ, ಬೆಣೆ ಕಳಚಿದ ನಡುವಿನ ಕಂಬ ನಿಂತ ಜಾಗದಲ್ಲಿ ಇರಲಿಲ್ಲ. ಅಟ್ಟ ಒಂದು ಕಡೆಗೆ ವಾಲಿ, ಆಮೇಲೆ ಎಲ್ಲ ಕಡೆಯಿಂದ ಒಟ್ಟಿಗೆ ಬಂತು. ಲಾರಿಯಿಂದ ಕಲ್ಲು ಸುರಿದರೆ ಒಂದು ಹೊತ್ತಿಗೆ ಮುಗಿಯುತ್ತದೆ. ಇದು ಮುಗಿಯಲಿಲ್ಲ. ಒಂದು ವರ್ಷದ ಕಾಯಿ ಬೀಳುತ್ತಲೇ ಇತ್ತು. ಧೂಳು, ಮಸಿ, ಹಳೆಯ ಬೂದಿ ಎದ್ದು ಏನೂ ಕಾಣದಾಯಿತು. ಕಾಯಿಗಳು ಉರುಳಿಕೊಂಡು ಬಂದು ನಮ್ಮ ಕಾಲಿಗೆ ತಾಗಿದವು. ಪಾದದ ಗುರುತು ಅವುಗಳ ಅಡಿಗೆ ಹೋಯಿತು.

ಧೂಳಿನಲ್ಲಿ ಮೊದಲು ಕೇಳಿದ್ದು ಸೈಕಲ್ ಶಾಪಿನವರ ದನಿ. "ಮೇಷ್ಟ್ರೆಲ್ಲಿ?"

"ಇಲ್ಲೇ ಇದ್ದೀನಿ," ಎಂದೆ.

"ಮೇಷ್ಟ್ರೆಲ್ಲಿ? ಮೇಷ್ಟ್ರು ಕಂಬದತ್ರ ಇದ್ರು!"

ಅವರು ನನ್ನ ತೋಳನ್ನೇ ಹಿಡಿದುಕೊಂಡಿದ್ದರು. ಹಿಡಿದುಕೊಂಡೇ ನನ್ನನ್ನು ಕೂಗುತ್ತಿದ್ದರು. ನಾನು ಇನ್ನೊಮ್ಮೆ ಇಲ್ಲೇ ಇದ್ದೀನಿ ಎಂದೆ. ಅವರು ನನ್ನ ಮುಖ ನೋಡಿದರು, ನಂಬಲಿಲ್ಲ, ಮತ್ತೆ ಕಾಯಿರಾಶಿಯ ಕಡೆ ನೋಡಿದರು.

ಯಾರಿಗೂ ಏನೂ ಆಗಿರಲಿಲ್ಲ. ಯಜಮಾನರು ರಾಶಿಯ ಅಂಚಿಗೆ ಹೋಗಿ ನಿಂತರು. ಆಮೇಲೆ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ಆಗೈತೆ," ಎಂದರು. ಇನ್ನೊಂದನ್ನು ಎತ್ತಿದರು. "ಇದೂ ಆಗೈತೆ." ಅವರನ್ನು ಹಿಡಿದು ಕೂರಿಸಬೇಕಾಯಿತು.

ಹೋಟೆಲಿನವನು ಓಡಿಹೋಗಿ ಟೀ ತಂದ. ಟೀ ಕುಡಿದಾದ ಮೇಲೆ ಚರ್ಚೆ ಮುಂದುವರಿಯಿತು. ಇದನ್ನು ಯಾರೂ ನಂಬುವುದಿಲ್ಲ, ಆದರೆ ಮುಂದುವರಿಯಿತು.

"ಅಟ್ಟ ಬೀಳ್ಸಿದೋನಿಗೆ ಹೊಸ ಬಾಲು ಕೊಡ್ದೆ ಇನ್ಯಾರಿಗ್ಲಾ ಕೊಡೋದು?" ಎಂದ ಹೋಟೆಲಿನವನು.

ಟೈಲರ್ ಅವನನ್ನೇ ನೋಡಿದ. "ನೋ ಬಾಲ್ ಅಂದ್ಯಲ್ಲೋ?"

"ನೋ ಬಾಲಿಗೇ ಅಟ್ಟ ಬಿದ್ರೆ, ಸರಿಯಾದ್ ಬಾಲಿಗೆ ಏನಾಗ್ಬ್ಯಾಡ?"

ಬಿಳಿಗೆರೆಯವನು ಮೊದಲ ಬಾರಿಗೆ ಬಾಯಿ ಬಿಟ್ಟು, "ಅವ್ರೇ ಹಾಕ್ಲಿ," ಎಂದ. ಯಜಮಾನರು ಆಗಲಿ ಎಂದು ತಲೆಯಾಡಿಸಿದರು. ಸೈಕಲ್ ಶಾಪಿನವರು ಕೇಳಿದ್ದು ಸಿಕ್ಕಿತು. ಅವರ ಕೈಯಲ್ಲಿದ್ದ ಟೀ ಲೋಟ ಹಾಗೇ ಇತ್ತು, ಟೀಯ ಮೇಲೆ ಮಸಿಯ ಪದರ ಕಟ್ಟಿತ್ತು.

ನಾನು ಮನೆಗೆ ಹೋಗಿ ಸ್ನಾನ ಮಾಡಿ ಊಟಕ್ಕೆ ಕೂತೆ. ನಮ್ಮ ಅಡಿಗೆಮನೆಯಲ್ಲೂ ಒಂದು ಸಣ್ಣ ಅಟ್ಟವಿತ್ತು, ಸೌದೆ ಇಡುವುದಕ್ಕೆ. ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದೆ. ಮಳೆ ಬರುತ್ತಿದೆ ಎಂದು ಹೆಂಡತಿ ಹೇಳಿದಳು. ಪರವಾಗಿಲ್ಲ ಎಂದೆ. ಅವಳು ಕಾರಣ ಕೇಳಿದಾಗ ನಡೆದದ್ದನ್ನು ಹೇಳಿದೆ. "ಬೌಲಿಂಗ್ ಮಾಡೋಕೆ ಕಂಬಾನೇ ಬೇಕಿತ್ತಾ?" ಎಂದಳು. ಆ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಶನಿವಾರ ಬೆಳಗ್ಗೆ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಕೊಟ್ಟು, ಬೋರ್ಡಿನ ಮೂಲೆಯಲ್ಲಿ ನನ್ನದೊಂದು ಲೆಕ್ಕ ಮಾಡಿದೆ. ಅಟ್ಟದ ಎತ್ತರದಿಂದ ಒಂದು ಕಾಯಿ ನೆಲಕ್ಕೆ ಬರಲು ಎಷ್ಟು ಹೊತ್ತು, ಅಷ್ಟರಲ್ಲಿ ಒಬ್ಬ ಮನುಷ್ಯ ಎಷ್ಟು ದೂರ ಓಡಬಹುದು. ಉತ್ತರ ಬಂದಾಗ ಒರೆಸಿದೆ. ಆಮೇಲೆ ಹಲವು ವರ್ಷ ಆ ಲೆಕ್ಕವನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿದ್ದೇನೆ. ಕನ್ನಡಕ ಒರೆಸಲು ನಿಂತ ಹೊತ್ತನ್ನು ಸೇರಿಸಿ, ಬಿಟ್ಟು. ಮೊದಲ ಕಾಯಿ ಬಿದ್ದಾಗ ನಾನು ಕಂಬದ ಹತ್ತಿರವೇ ಇದ್ದಿದ್ದರೆ ಓಡುತ್ತಿದ್ದೆನೇ, ಅಥವಾ ಇಲಿ ಎಂದುಕೊಳ್ಳುತ್ತಿದ್ದೆನೇ? ಇಲಿ ಎಂದುಕೊಳ್ಳುತ್ತಿದ್ದೆ. ಅದರಲ್ಲಿ ಸಂದೇಹವಿಲ್ಲ.

ಬಹಳ ಕಾಲದ ಮೇಲೆ ಹೋಟೆಲಿನವನನ್ನು ಕೇಳಿದೆ, ಅವತ್ತು ಕಾಲು ಗೆರೆ ದಾಟಿದ್ದನ್ನು ನಿಜವಾಗಿ ನೋಡಿದ್ದೆಯಾ ಎಂದು. ಅವನು ದೋಸೆ ಮಗುಚುತ್ತಾ, "ಯಾರ್ ನೋಡಿದ್ರು ಮೇಷ್ಟ್ರೇ? ಕೊನೇ ಬಾಲು. ಏನಾರ ಅನ್ಬೇಕಲ್ಲ, ಅಂದೆ," ಎಂದ. ಬದುಕಿದ್ದಕ್ಕೆ ಕಾರಣ ಗೊತ್ತಾದರೆ ಮನಸ್ಸು ಹಗುರವಾಗುತ್ತದೆ ಎಂದು ಕೇಳಿದ್ದೆ. ಹಾಗೇನೂ ಆಗಲಿಲ್ಲ.

ಭಾನುವಾರ ಮಳೆ ಬಿಟ್ಟಿತ್ತು. ಮೈದಾನದಲ್ಲಿ ಮ್ಯಾಟ್ ಹಾಸಿದ್ದರು, ಸುತ್ತ ಜನ ನಿಂತಿದ್ದರು. ಅಟ್ಟದ ಸುದ್ದಿ ತುರುವೇಕೆರೆಯವರಿಗೂ ಮುಟ್ಟಿತ್ತು. ಅವರ ಮೊದಲ ಬ್ಯಾಟ್ಸ್‌ಮನ್ನು ಸೈಕಲ್ ಶಾಪಿನವರನ್ನು ದೂರದಿಂದಲೇ ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ಬೌಲರ್ ತುದಿಯಲ್ಲಿ ಸ್ಟಂಪಿನ ಹಿಂದೆ ನಿಂತೆ. ತಲೆಯ ಮೇಲೆ ಆಕಾಶ ಬಿಟ್ಟು ಬೇರೇನೂ ಇರಲಿಲ್ಲ. ಎರಡು ಸಲ ನೋಡಿ ಖಚಿತ ಮಾಡಿಕೊಂಡೆ.

ಸೈಕಲ್ ಶಾಪಿನವರು ಕೈಗಡಿಯಾರ ಬಿಚ್ಚಿ ನನಗೆ ಕೊಟ್ಟು, ಹೊಸ ಚೆಂಡು ತೆಗೆದುಕೊಂಡು ಹಿಂದೆ ಹೋದರು. ಓಡಿ ಬಂದರು. ನನ್ನ ಪಕ್ಕಕ್ಕೆ ಬರುತ್ತಿದ್ದಂತೆ ನಿಂತುಬಿಟ್ಟರು. ಮತ್ತೆ ಹೋದರು, ಮತ್ತೆ ಓಡಿ ಬಂದರು, ಮತ್ತೆ ಅಲ್ಲೇ ನಿಂತರು. ಜನ ಗೊಣಗಿದರು.

"ಮೇಷ್ಟ್ರೇ," ಎಂದರು ಮೆಲ್ಲಗೆ, "ಒಸಿ ಹಿಂದಕ್ಕೆ ನಿಂತ್ಕಳಿ."

ಹಿಂದಕ್ಕೆ ಸರಿದೆ.

"ಇನ್ನೂ ಒಸಿ."

ಇನ್ನೂ ಸರಿದೆ. ಅವರಿಗೆ ಸಾಕೆನಿಸುವಷ್ಟು ಸರಿದಾಗ ಅಲ್ಲಿಂದ ಕ್ರೀಸು ಸರಿಯಾಗಿ ಕಾಣುತ್ತಿರಲಿಲ್ಲ. ಆ ಓವರನ್ನು ಅವರು ಹಾಗೇ ಹಾಕಿದರು. ವೇಗವಿರಲಿಲ್ಲ. ಒಂದೂ ಯಾರ್ಕರ್ ಇರಲಿಲ್ಲ. ಎಲ್ಲವನ್ನೂ ಸ್ಟಂಪಿನಿಂದ ಆಚೆಗೆ, ಯಾವುದಕ್ಕೂ ತಾಗದ ಹಾಗೆ ಹಾಕಿದರು. ಅಟ್ಟ ಬೀಳಿಸಿದವರ ಚೆಂಡೆಂದು ಬ್ಯಾಟ್ಸ್‌ಮನ್ನು ಒಂದನ್ನೂ ಮುಟ್ಟಲಿಲ್ಲ. ಓವರ್ ಮುಗಿದ ಮೇಲೆ ಚೆಂಡನ್ನು ಪ್ಯಾಂಟಿಗೆ ಉಜ್ಜಿ, ಆ ತುದಿಯಲ್ಲಿ ಕಾಯುತ್ತಿದ್ದ ಬಿಳಿಗೆರೆಯವನ ಹತ್ತಿರಕ್ಕೆ ತಾವೇ ನಡೆದುಹೋಗಿ ಕೊಟ್ಟರು.

"ತಗಳಪ್ಪಾ. ಹೊಳಪು ಹಂಗೇ ಐತೆ. ಇನ್ಮೇಲೆ ಮೊದಲ್ನೇದು ನೀನೇ ಹಾಕು. ನಂದಾಯ್ತು."

ಬೇಲಿಯ ಹತ್ತಿರದಿಂದ ಹೋಟೆಲಿನವನು, "ಯಾಕ್ಲಾ? ಇನ್ನೊಂದ್ ಓವರ್ ಹಾಕ್ಲಾ!" ಎಂದು ಕೂಗಿದ. ಟೈಲರ್ ಅವನ ಬಾಯಿಗೆ ಕೈ ಅಡ್ಡ ಹಿಡಿದ.

ಸೈಕಲ್ ಶಾಪಿನವರು ಗಡಿಯಾರಕ್ಕೆಂದು ನನ್ನ ಹತ್ತಿರ ಬಂದರು. ಕೊಟ್ಟೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು.

"ಇನ್ನೂ ನಡುಗ್ತಾ ಐತಾ?"

"ಹೂಂ," ಎಂದೆ.

"ನಂದೂವೆ."

ಅವರು ಗಡಿಯಾರದ ಬೆಲ್ಟು ಹಾಕಿಕೊಳ್ಳಲು ನೋಡಿದರು. ಮುಳ್ಳು ತೂತಿಗೆ ಹೋಗಲಿಲ್ಲ. ಕೈ ಮುಂದೆ ಚಾಚಿದರು. ನಾನು ಹಾಕಲು ನೋಡಿದೆ, ನನ್ನಿಂದಲೂ ಆಗಲಿಲ್ಲ. ಆ ಕಡೆ ಬಿಳಿಗೆರೆಯವನು ಚೆಂಡು ಹಿಡಿದು, ಓಡಲು ಸಿದ್ಧನಾಗಿ, ನಾವಿಬ್ಬರೂ ಜಾಗಕ್ಕೆ ಹೋಗುವುದನ್ನು ಕಾಯುತ್ತಿದ್ದ.